ಅಪ್‌ಡೇಟ್: 40 ಅಡಿ ಮೋಟಾರ್‌ಹೋಮ್‌ಗೆ ಜಾಗ ಸಿಕ್ತು

ಹೋದ ತಿಂಗಳು ಕೇಳಿದ್ದೆನಲ್ಲ, ದೊಡ್ಡ ನಗರದ ಹತ್ತಿರ 40 ಅಡಿ ಮೋಟಾರ್‌ಹೋಮ್ (ಒಳಗೇ ಮನೆ ಥರ ಇರೋ ಗಾಡಿ) ನಿಲ್ಲಿಸೋ ಕ್ಯಾಂಪ್‌ಗ್ರೌಂಡ್ ಹೇಗೆ ಹುಡುಕೋದು ಅಂತ. ಕೊನೆಗೂ ಸಿಕ್ತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

‘ಊರೊಳಗೆ ಬೇಡ, ರೈಲು ಮಾರ್ಗದ ಕೊನೇ ಸ್ಟೇಷನ್ ಸುತ್ತಮುತ್ತ ನೋಡಿ’ ಅಂದವರ ಮಾತೇ ಕೆಲಸಕ್ಕೆ ಬಂತು. ನಗರದಿಂದ ಸುಮಾರು 35 ಕಿ.ಮೀ.; ಗಾಡಿ ಅಲ್ಲೇ ಬಿಟ್ಟು ರೈಲಲ್ಲಿ ಓಡಾಡಿದ್ವಿ.

ಅದಕ್ಕೂ ಮೊದಲು ಬುಕ್ ಮಾಡಿದ್ದ ಕಡೆ ಎಡವಟ್ಟಾಯ್ತು. ‘ದೊಡ್ಡ ಗಾಡಿಗಳಿಗೂ ಜಾಗ ಇದೆ’ ಅಂದಿದ್ರು. ಜಾಗವೇನೋ ಉದ್ದಕ್ಕಿತ್ತು, ಆದ್ರೆ ಒಳದಾರಿಯ ತಿರುವಿನಲ್ಲೇ ಒಂದು ಮರ. ತಿರುಗಿಸುವಾಗ ಗಾಡಿಯ ಹಿಂಭಾಗ ಎದುರು ದಿಕ್ಕಿಗೆ ಬೀಸುತ್ತಲ್ಲ, ಮರಕ್ಕೂ ಅದಕ್ಕೂ ಗೇಣು ಅಂತರ. ಹೆಂಡತಿ ಕೆಳಗಿಳಿದು ‘ನಿಲ್ಸಿ, ನಿಲ್ಸಿ’ ಅಂತ ಕೂಗ್ತಿದ್ಲು, ನಾನು ಬೆವರ್ತಿದ್ದೆ. ಮುಕ್ಕಾಲು ಗಂಟೆ ಬರೀ ರಿವರ್ಸ್!

ಈಗ ಫೋನ್ ಮಾಡಿಯೇ ಕೇಳ್ತೀನಿ: ಹಿಂದೆ ಎಳೆಯೋ ಕಾರೂ ಸೇರಿ ಹಿಡಿಯುತ್ತಾ, ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡೋ ಪುಲ್‌-ಥ್ರೂ ಜಾಗ ಇದೆಯಾ, ಸ್ಲೈಡ್‌ಔಟ್ (ಒಳಗೆ ಜಾಗ ಹೆಚ್ಚಿಸೋಕೆ ಪಕ್ಕಕ್ಕೆ ಹೊರಚಾಚೋ ಗಾಡಿಯ ಭಾಗ) ಹೊರಗೆ ತೆಗೆದ್ರೆ ಕರೆಂಟ್ ಕಂಬಕ್ಕೆ ತಾಗುತ್ತಾ. ಒಳದಾರಿಯ ತಿರುವುಗಳನ್ನ ಸ್ಯಾಟಲೈಟ್ ಮ್ಯಾಪ್‌ನಲ್ಲಿ ನೋಡ್ಕೋತೀನಿ. ಚಾವಣಿ ಮೇಲಿನ ಏಸಿಯನ್ನೂ ಸೇರಿಸಿ ಎತ್ತರ ಅಳೆದು ಸ್ಟೇರಿಂಗ್ ಪಕ್ಕ ಅಂಟಿಸಿದ್ದೀನಿ. ಕೆಳಸೇತುವೆ ಎದುರಿಗೆ ಬಂದಾಗ ಲೆಕ್ಕ ಹಾಕ್ತಾ ಕೂರೋಕಾಗಲ್ಲ.