ಮಂಜುಗಡ್ಡೆ ಕರಗಿದರೆ ಹಿಮಕರಡಿ ನೆಲದ ಮೇಲೆ ಬದುಕಲಾರದೇ?

ಪ್ರಶ್ನೆ: ಹಿಮಕರಡಿ ಚೆನ್ನಾಗಿ ಈಜುತ್ತದೆ, ಕಂದು ಕರಡಿಗೆ ಹತ್ತಿರದ ನೆಂಟ ಬೇರೆ. ಕಡಲ ಮಂಜುಗಡ್ಡೆ ಕರಗಿದರೆ ನೀರಿನಲ್ಲೇ ಸೀಲ್ (ಕಡಲ ಸಸ್ತನಿ) ಹಿಡಿಯಬಹುದು, ಇಲ್ಲವೇ ದಡದಲ್ಲಿ ಹಣ್ಣು, ಮೊಟ್ಟೆ ತಿನ್ನಬಹುದಲ್ಲವೇ? ವನ್ಯಜೀವಿ ತಜ್ಞರು ತಿಳಿಸಿ.

ಉತ್ತರ: ಈಜುವುದು ಬೇರೆ, ಈಜುತ್ತಾ ಬೇಟೆಯಾಡುವುದು ಬೇರೆ. ತೆರೆದ ನೀರಿನಲ್ಲಿ ಸೀಲ್ ಕರಡಿಗೆ ಸಿಗುವುದು ತೀರಾ ಅಪರೂಪ. ಸೀಲ್ ಉಸಿರಿಗಾಗಿ ಮಂಜುಗಡ್ಡೆಯ ಕಿಂಡಿಗೆ ಬರಲೇಬೇಕು, ಕರಡಿ ಅಲ್ಲಿ ಅಲುಗಾಡದೆ ಕಾದಿರುತ್ತದೆ. ಗಡ್ಡೆಯಿಲ್ಲದೆ ಕಿಂಡಿಯೆಲ್ಲಿ?

ಕಾಲವೂ ಅಷ್ಟೇ ಮುಖ್ಯ. ವರ್ಷದ ಕೊಬ್ಬಿನ ಬಹುಪಾಲನ್ನು ಕರಡಿ ಏಪ್ರಿಲ್‌ನಿಂದ ಜುಲೈ ಆರಂಭದೊಳಗೆ ಕೂಡಿಡುತ್ತದೆ. ಆಗಷ್ಟೇ ಹಾಲು ಬಿಟ್ಟ ರಿಂಗ್ಡ್ ಸೀಲ್ ಎಂಬ ಜಾತಿಯ ಮರಿಗಳ ಮೈಯಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ, ಅವುಗಳಿಗೆ ಕರಡಿಯ ಭಯವೂ ಇನ್ನೂ ತಿಳಿದಿರುವುದಿಲ್ಲ. ಗಡ್ಡೆ ಬೇಗ ಒಡೆದರೆ ಕೈತಪ್ಪುವುದು ಈ ವಾರಗಳೇ. ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದಲ್ಲಿ 1980ರ ದಶಕಕ್ಕಿಂತ ಈಗ ಗಡ್ಡೆಯಿಲ್ಲದ ಕಾಲ ಮೂರು ವಾರಗಳಷ್ಟು ಹೆಚ್ಚಿದೆ.

ಹಣ್ಣು, ಮೊಟ್ಟೆಯ ವಿಚಾರ: ಅದೇ ಭಾಗದಲ್ಲಿ 20 ಕರಡಿಗಳಿಗೆ ಕ್ಯಾಮೆರಾ ಕಾಲರ್ ಕಟ್ಟಿ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕೆಲವು ಹಣ್ಣು ಹುಡುಕಿದವು, ಕೆಲವು ಸುಮ್ಮನೆ ಮಲಗಿದವು. 19 ಕರಡಿಗಳ ತೂಕ ಇಳಿಯಿತು, ದಿನಕ್ಕೆ 0.4ರಿಂದ 1.7 ಕಿಲೋ. ಅಲೆದು ಗಳಿಸಿದ್ದು ಅಲೆದಾಟಕ್ಕೇ ಖರ್ಚಾಯಿತು.

ಪ್ರಶ್ನೆ: ಮೊದಲ ಪೆಟ್ಟು ಯಾರಿಗೆ?

ಉತ್ತರ: ಮರಿಗಳಿಗೆ, ಅದೂ ಹುಟ್ಟುವ ಮೊದಲೇ. ಮಿಲನ ವಸಂತದಲ್ಲಾದರೂ ಭ್ರೂಣ ಗರ್ಭಕೋಶಕ್ಕೆ ಅಂಟುವುದು ಶರತ್ಕಾಲದಲ್ಲಿ. ಅಷ್ಟರೊಳಗೆ ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬಿಲ್ಲದಿದ್ದರೆ ಗರ್ಭ ನಿಲ್ಲುವುದಿಲ್ಲ. ನಿಂತರೂ ಹಡ್ಸನ್ ಕೊಲ್ಲಿಯ ಬಸುರಿ ಕರಡಿ ಸುಮಾರು ಎಂಟು ತಿಂಗಳು ಉಪವಾಸವಿದ್ದು, ಗವಿಯಲ್ಲಿ ಹುಟ್ಟುವಾಗ ಸುಮಾರು 600 ಗ್ರಾಂ ತೂಗುವ ಮರಿಗಳಿಗೆ ಹಾಲೂಡಿಸಬೇಕು. ಕೊಬ್ಬು ತೀರಿತೆಂದರೆ ಹಾಲೂ ಬತ್ತುತ್ತದೆ.

ಪ್ರಶ್ನೆ: ಕರಡಿಗಳ ಸಂಖ್ಯೆ ಹೆಚ್ಚಿದೆ ಎನ್ನುವವರೂ ಇದ್ದಾರಲ್ಲ?

ಉತ್ತರ: 1973ರಲ್ಲಿ ಐದು ದೇಶಗಳು ಒಪ್ಪಂದ ಮಾಡಿಕೊಂಡು ಬೇಟೆಗೆ ಕಡಿವಾಣ ಹಾಕಿದ ಮೇಲೆ ಕೆಲವೆಡೆ ಚೇತರಿಕೆ ಕಂಡಿದ್ದು ನಿಜ. ಆದರೆ ಒಟ್ಟು ಲೆಕ್ಕ ನೋಡಿ ತೀರ್ಮಾನಿಸಬೇಡಿ, ಒಂದೊಂದು ಕಡಲಿನ ಕಥೆ ಒಂದೊಂದು. ಅಲಾಸ್ಕಾ ಮತ್ತು ರಷ್ಯಾದ ನಡುವಿನ ಚುಕ್ಚಿ ಸಮುದ್ರ ಆಳವಿಲ್ಲದ್ದು, ಸೀಲ್ ಸಮೃದ್ಧ. ಅಲ್ಲಿ ಗಡ್ಡೆ ಕಡಿಮೆಯಾಗಿದ್ದರೂ ಕರಡಿಗಳು ದಷ್ಟಪುಷ್ಟವಾಗಿದ್ದವು. ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ ಮಾತ್ರ 1987ರಲ್ಲಿ ಸುಮಾರು 1,200 ಇದ್ದ ಕರಡಿಗಳು 2021ರ ಗಣತಿಗೆ 618ಕ್ಕೆ ಇಳಿದವು.

ಪ್ರಶ್ನೆ: ಮನುಷ್ಯರೇ ಆಹಾರ ಹಾಕಿದರೆ?

ಉತ್ತರ: ಗಡ್ಡೆಯ ಮೇಲಿರುವ ಒಂದು ಹೆಣ್ಣು ಕರಡಿಗೆ ದಿನಕ್ಕೆ ಸುಮಾರು 12,000 ಕಿಲೋಕ್ಯಾಲೊರಿ ಬೇಕು, ಅಂದರೆ 10–12 ದಿನಕ್ಕೊಂದು ದೊಡ್ಡ ಸೀಲ್. ನೂರಾರು ಕರಡಿಗಳಿಗೆ ತಿಂಗಳುಗಟ್ಟಲೆ ಅಷ್ಟನ್ನು ಒದಗಿಸುವುದು ಆಗದ ಮಾತು. ಮೇಲಾಗಿ, ಮನುಷ್ಯರ ಬಳಿ ತಿನಿಸು ಸಿಗುತ್ತದೆಂದು ಕಲಿತ ಕರಡಿ ಊರಿಗೇ ಬರುತ್ತದೆ, ಕೊನೆಗೆ ಗುಂಡೇಟಿಗೆ ಬಲಿಯಾಗುತ್ತದೆ. ಕಸವನ್ನು ಭದ್ರವಾಗಿ ಮುಚ್ಚಿಡಿ ಎಂದು ಕರಾವಳಿಯ ಊರುಗಳಿಗೆ ಒತ್ತಿ ಹೇಳುವುದು ಇದಕ್ಕೇ. ಗಡ್ಡೆ ಉಳಿಯಬೇಕಾದರೆ ಕಲ್ಲಿದ್ದಲು, ತೈಲ ಸುಡುವುದು ತಗ್ಗಲೇಬೇಕು, ಅದಕ್ಕೆ ಅಡ್ಡದಾರಿಯಿಲ್ಲ.