ಕ್ಯಾಮೆರಾದ ಆಚೆ ಬದಿಗೆ ಹತ್ತು ಸೆಕೆಂಡು

"ಫೋಟೊ ಕಳಿಸು ಎಂದರೆ ಯಾರಾದರೂ ನೆರಳು ಕಳಿಸುತ್ತಾರೆಯೇ? ನೀನೇನು ದೆವ್ವವೇ?" ಎಂದು ಲೆಕ್ಕಿಗ ನನ್ನನ್ನು ತರಾಟೆಗೆ ತೆಗೆದುಕೊಂಡ.

"ದೆವ್ವಕ್ಕೆ ನೆರಳು ಇರುವುದಿಲ್ಲ," ಎಂದು ಮೇಷ್ಟ್ರು ತಿದ್ದಿದರು. ತಿದ್ದುವುದು ಅವರ ಕಸುಬು. ನಿವೃತ್ತರಾದರೂ ಕೆಂಪು ಶಾಯಿ ಬತ್ತಿಲ್ಲ.

ವಿಷಯ ಇಷ್ಟೇ. ನಾನು ತೆಗೆದ ಹಕ್ಕಿ ಚಿತ್ರಗಳ ಪುಸ್ತಕವೊಂದು ಬರುವುದಿದೆ. ಬೆನ್ನುಡಿಯ ಪಕ್ಕಕ್ಕೆ ಛಾಯಾಗ್ರಾಹಕನ ಭಾವಚಿತ್ರ ಬೇಕೆಂದು ಪ್ರಕಾಶಕರು ಕೇಳಿದರು. ಮರಳಿನ ಮೇಲೆ ಬಿದ್ದ ನನ್ನ ನೆರಳನ್ನು ಕಳಿಸಿದೆ. ಬೇರೆ ಕೊಡಿ ಎಂದರು. ಕ್ಯಾಮೆರಾ ಹಿಡಿದ ಕೈಗಳನ್ನು ಕಳಿಸಿದೆ. ಅದೂ ಆಗಲಿಲ್ಲ. ಬೆಟ್ಟ ನೋಡುತ್ತ ನಿಂತ ನನ್ನ ಹಿಂಬದಿಯ ಚಿತ್ರವನ್ನು ಕಳಿಸಿದಾಗ ಉತ್ತರ ಬಂತು: "ಬೆನ್ನುಡಿ ಎಂದ ಮಾತ್ರಕ್ಕೆ ಬೆನ್ನನ್ನೇ ತೋರಿಸಬೇಕೆಂದಿಲ್ಲ. ಮುಂಭಾಗವಿದ್ದರೆ ದಯವಿಟ್ಟು ಕಳಿಸಿ."

ಆ ಉತ್ತರವನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕ ಮೂವರು ಈಗ ನನ್ನ ಕೋಣೆಯಲ್ಲಿ ಪಂಚಾಯಿತಿ ಹೂಡಿದ್ದರು. ಲೆಕ್ಕಿಗ, ಇತಿಹಾಸದ ಮೇಷ್ಟ್ರು, ಮತ್ತು ಹಲ್ಲಿನ ಡಾಕ್ಟರಮ್ಮ. ಡಾಕ್ಟರಮ್ಮನವರಿಗೆ ಮನುಷ್ಯನ ಮುಖವೆಂದರೆ ಮೂವತ್ತೆರಡು ಹಲ್ಲುಗಳ ಸುತ್ತ ಕಟ್ಟಿದ ಕಾಂಪೌಂಡು, ಅಷ್ಟೇ.

"ಇವನಿಗೆ ನಾಚಿಕೆ," ಎಂದರು ಡಾಕ್ಟರಮ್ಮ.

"ನಾಚಿಕೆಯಲ್ಲ," ಎಂದೆ. "ಕ್ಯಾಮೆರಾದ ಹಿಂದೆ ನಿಂತರೆ ಎಲ್ಲ ನನಗೆ ಕಾಣುತ್ತದೆ. ಮುಂದೆ ನಿಂತರೆ ನಾನು ಮಾತ್ರ ನನಗೆ ಕಾಣುವುದಿಲ್ಲ. ಕಾಣದ್ದನ್ನು ತೆಗೆಯುವುದು ಹೇಗೆ?"

"ನಾನು ಬಾಯೊಳಗೆ ಕನ್ನಡಿ ಇಟ್ಟು ಕೆಲಸ ಮಾಡುವುದಿಲ್ಲವೇ?"

"ನಿಮ್ಮ ಸ್ವಂತ ಬಾಯಲ್ಲಿ ಮಾಡಿ ನೋಡಿ."

ಲೆಕ್ಕಿಗನಿಗೆ ಇಷ್ಟು ತತ್ತ್ವಶಾಸ್ತ್ರ ಹಿಡಿಸುವುದಿಲ್ಲ. "ಮೊಬೈಲ್ ಎತ್ತು, ಸೆಲ್ಫಿ ತೆಗೆ, ಕಳಿಸು. ಲೋಕವೆಲ್ಲ ಮಾಡುವುದನ್ನು ನೀನು ಮಾಡಲಾರೆಯಾ?"

ಕೈಯಳತೆಯಲ್ಲಿ ತೆಗೆದರೆ ಮೂಗು ದೊಡ್ಡದಾಗುತ್ತದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅವನು ಹಂಗಿಸಿದ. ಆದರೆ ಅಂಕಿಯ ವಾಸನೆ ಹತ್ತಿದ ಮೇಲೆ ಲೆಕ್ಕಿಗ ಸುಮ್ಮನಿರಲಾರ. ಎದ್ದವನೇ ಮೇಜಿನ ಮೇಲಿನ ಅಳತೆಪಟ್ಟಿಯನ್ನು ತೆಗೆದುಕೊಂಡು ನನ್ನ ಮೂಗಿನ ತುದಿಯಿಂದ ಕಿವಿಯವರೆಗೆ ಹಿಡಿದ. ಹನ್ನೆರಡು ಸೆಂಟಿಮೀಟರ್. "ಮೊಬೈಲ್ ಮೂಗಿನಿಂದ 30 ಸೆಂ.ಮೀ. ದೂರ ಎಂದಿಟ್ಟುಕೋ. ಕಿವಿ 42 ಸೆಂ.ಮೀ. ದೂರ. ನಲವತ್ತೆರಡನ್ನು ಮೂವತ್ತರಿಂದ ಭಾಗಿಸು. ಅಬ್ಬಾ, ಕಿವಿಗೆ ಹೋಲಿಸಿದರೆ ಮೂಗಿಗೆ ಶೇಕಡ 40ರಷ್ಟು ಬಡ್ತಿ! ಅದೇ ಒಂದೂವರೆ ಮೀಟರ್ ಹಿಂದೆ ಸರಿದರೆ 162 ಭಾಗಿಸು 150. ಬಡ್ತಿ ಶೇಕಡ 8ಕ್ಕೆ ಇಳಿಯಿತು." ಅವನ ಮುಖದಲ್ಲಿ ಹೊಸ ತಳಮಳವೊಂದು ಮೂಡಿತು. ಇಷ್ಟು ವರ್ಷ ತಾನು ಎಲ್ಲರಿಗೂ ಕಳಿಸಿದ ಸೆಲ್ಫಿಗಳು ನೆನಪಾಗಿರಬೇಕು.

ಹಾಗಾಗಿ ಟ್ರೈಪಾಡ್ ಹೊರಬಂತು. ಕಿಟಕಿಯ ಪಕ್ಕ ಕುರ್ಚಿ ಹಾಕಿದೆ, ಎರಡು ಮೀಟರ್ ದೂರದಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಇಲ್ಲಿ ಬರುವ ಮೊದಲ ಕಷ್ಟ ಫೋಕಸ್‌ನದು. ಕುರ್ಚಿಯಲ್ಲಿ ನಾನಿಲ್ಲ, ಕ್ಯಾಮೆರಾದ ಹಿಂದೆ ಇದ್ದೇನೆ. ಹಾಗಾದರೆ ಯಾವುದರ ಮೇಲೆ ಫೋಕಸ್ ಮಾಡುವುದು? ಕುರ್ಚಿಯ ಜಾಗದಲ್ಲಿ ನಿಲುವು ಫ್ಯಾನನ್ನು ಇಟ್ಟು, ಅದರ ತಲೆಗೆ ನನ್ನ ಟೋಪಿ ತೊಡಿಸಿ, ಕಣ್ಣಿನ ಎತ್ತರಕ್ಕೆ ಫೋಕಸ್ ಕಟ್ಟಿದೆ. ಪರೀಕ್ಷೆಗೆ ಒಂದು ಕ್ಲಿಕ್ಕಿಸಿದೆ.

"ಇದನ್ನೇ ಕಳಿಸು," ಎಂದರು ಡಾಕ್ಟರಮ್ಮ. "ನಿನಗಿಂತ ಲವಲವಿಕೆಯಿಂದಿದೆ."

ಫ್ಯಾನನ್ನು ಸರಿಸಿ, ಹತ್ತು ಸೆಕೆಂಡಿನ ಟೈಮರ್ ಒತ್ತಿ, ಓಡಿ ಕುಳಿತೆ. ಈ ಹತ್ತು ಸೆಕೆಂಡುಗಳನ್ನು ಅನುಭವಿಸಿದವನೇ ಬಲ್ಲ. ಮೊದಲ ಮೂರು ಓಟಕ್ಕೆ, ಎರಡು ಅಂಗಿ ಸರಿಮಾಡಿಕೊಳ್ಳುವುದಕ್ಕೆ. ಉಳಿದ ಹೊತ್ತಿನಲ್ಲಿ ಕೈ ಎಂಬ ಅಂಗ ಏಕೆ ಸೃಷ್ಟಿಯಾಯಿತು, ಅದನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಕಾಡುತ್ತದೆ. ಎದುರಿಗೆ ಮಿಣುಕುವ ಕೆಂಪು ದೀಪ ಕೊನೆಯ ಎರಡು ಸೆಕೆಂಡುಗಳಲ್ಲಿ ಅವಸರಕ್ಕೆ ಬೀಳುತ್ತದೆ. ಅದುವರೆಗೆ ಜೋಪಾನವಾಗಿ ಹಿಡಿದಿಟ್ಟುಕೊಂಡಿದ್ದ ಮುಗುಳ್ನಗೆ ಅಷ್ಟರಲ್ಲಿ ಹಳಸಿರುತ್ತದೆ. ಹೊಸದೊಂದನ್ನು ತರಲು ಹೊರಟಾಗ, ಆ ಹೊರಟ ಮುಖವೇ ಚಿತ್ರದಲ್ಲಿ ಬರುತ್ತದೆ.

ಪರದೆಯ ಮೇಲೆ ನೋಡಿದೆವು. ಕಿವಿ ಸ್ಪಷ್ಟವಾಗಿತ್ತು, ಕಣ್ಣು ಮಂಜಾಗಿತ್ತು.

"ಹಕ್ಕಿಯ ಕಣ್ಣಿನೊಳಗಿನ ಆಕಾಶ ತೋರಿಸುತ್ತೀಯೆ, ನಿನ್ನ ಕಣ್ಣು ಎಲ್ಲಿ ಹೋಯಿತು?" ಎಂದ ಲೆಕ್ಕಿಗ.

85 ಮಿ.ಮೀ. ಲೆನ್ಸಿನಲ್ಲಿ ಬೆಳಕಿನ ಕಿಂಡಿಯನ್ನು ಎಫ್/1.8ರಷ್ಟು ಅಗಲವಾಗಿ ತೆರೆದಿಟ್ಟರೆ ಎರಡು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಐದಾರು ಸೆಂಟಿಮೀಟರ್ ಮಾತ್ರ, ಸ್ವಲ್ಪ ಮುಂದಕ್ಕೆ ಬಾಗಿದರೂ ಕಣ್ಣು ಅದರಿಂದ ಹೊರಗೆ ಹೋಗುತ್ತದೆ ಎಂದು ವಿವರಿಸಿದೆ. ಕಿಂಡಿಯನ್ನು ಕಿರಿದಾಗಿಸಿ ಎಫ್/5.6ಕ್ಕೆ ಬದಲಿಸಿದರೆ ಆಳ ಒಂದು ಗೇಣಿನಷ್ಟಾಗುತ್ತದೆ. ಬದಲಿಸಿದೆ. ಈಗ ಕಣ್ಣು, ಕಿವಿ, ಭಯ ಎಲ್ಲವೂ ಸ್ಪಷ್ಟವಾಗಿ ಬಂದವು.

ಮೇಷ್ಟ್ರಿಗೆ ಕನಿಕರ ಬಂತು. "ಓಡಿ ಬಂದು ಕೂರುವ ಕಷ್ಟ ಹೊಸದೇನಲ್ಲ. 1839ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ಇದನ್ನೇ ಮಾಡಿದ. ಮನೆತನದ ದೀಪದ ಅಂಗಡಿಯ ಹಿಂದೆ ಡಬ್ಬಿ ನಿಲ್ಲಿಸಿ ತನ್ನನ್ನು ತಾನೇ ತೆಗೆದುಕೊಂಡ. ಟೈಮರ್ ಎಲ್ಲಿಯದು! ಲೆನ್ಸಿನ ಮುಚ್ಚಳ ತೆಗೆದು ಎದುರಿಗೆ ಬಂದು ಅಲುಗಾಡದೆ ಇರಬೇಕಿತ್ತು. ಚಿತ್ರದಲ್ಲಿ ಅವನು ನಡುವಿಗೆ ಬಾರದೆ ಪಕ್ಕಕ್ಕೆ ಸರಿದಿದ್ದಾನೆ, ತಲೆಗೂದಲು ಕೆದರಿದೆ, ಕೈಕಟ್ಟಿ ಗುರಾಯಿಸುತ್ತಿದ್ದಾನೆ. ಆದರೂ ಇಂದಿಗೂ ಉಳಿದಿದೆ."

"ಆಮೇಲೆ ದೊಡ್ಡ ಛಾಯಾಗ್ರಾಹಕನಾದನೇ?"

"ಕೆಲವು ವರ್ಷ ಸ್ಟುಡಿಯೊ ನಡೆಸಿ ಮತ್ತೆ ದೀಪದ ವ್ಯಾಪಾರಕ್ಕೆ ಮರಳಿದ."

"ಬುದ್ಧಿವಂತ," ಎಂದ ಲೆಕ್ಕಿಗ, ನನ್ನತ್ತ ಅರ್ಥಪೂರ್ಣವಾಗಿ ನೋಡುತ್ತ.

ನನಗೆ ಕಾರ್ನೀಲಿಯಸ್‌ಗಿಂತ ಫ್ರಾನ್ಸಿನ ಇಪೊಲಿತ್ ಬಯಾರ್ ಹತ್ತಿರದವನು. ಛಾಯಾಚಿತ್ರದ ವಿಧಾನವೊಂದನ್ನು ಅವನೂ ಕಂಡುಹಿಡಿದಿದ್ದ. ಕೀರ್ತಿಯೂ ಸರ್ಕಾರದ ಗೌರವಧನವೂ ಅದೇ ಕಾಲದಲ್ಲಿ ಇನ್ನೊಂದು ವಿಧಾನ ಕಂಡುಹಿಡಿದಿದ್ದ ದಾಗೇರ್‌ನ ಪಾಲಾದವು. ಹೊಟ್ಟೆಯುರಿ ತಾಳಲಾರದೆ 1840ರಲ್ಲಿ ಬಯಾರ್ ತಾನು ನೀರಿಗೆ ಬಿದ್ದು ಸತ್ತಂತೆ ಅರೆಬತ್ತಲೆಯಾಗಿ, ಕಣ್ಣು ಮುಚ್ಚಿ ಒರಗಿ ಕುಳಿತು ತನ್ನ ಚಿತ್ರ ತೆಗೆದುಕೊಂಡ. ಹಿಂಬದಿಯಲ್ಲಿ, ಈ ಬಡಪಾಯಿ ನೀರಿಗೆ ಹಾರಿಕೊಂಡ ಎಂದು ತಾನೇ ಬರೆದ. ಬಿಸಿಲಿಗೆ ಕಪ್ಪಾಗಿದ್ದ ಮುಖ, ಕೈಗಳಿಗೆ ಹೆಣ ಕೊಳೆಯುತ್ತಿದೆ ಎಂಬ ವಿವರಣೆಯನ್ನೂ ಕೊಟ್ಟ. ನನ್ನ ಲೆಕ್ಕದಲ್ಲಿ ಸ್ವಂತ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಗಬೇಕಾಗಿಲ್ಲ, ಕಣ್ಣು ಮಿಟುಕಿಸುವ ಭಯವಿಲ್ಲ, ಕೈ ಎಲ್ಲಿಡಬೇಕೆಂಬ ಚಿಂತೆಯಿಲ್ಲ.

"ಪ್ರಕಾಶಕರಿಗೂ ಲಾಭ," ಎಂದ ಲೆಕ್ಕಿಗ. "ಸತ್ತವರ ಪುಸ್ತಕಕ್ಕೆ ವಿಮರ್ಶಕರು ಕೆಟ್ಟದಾಗಿ ಬರೆಯುವುದಿಲ್ಲ."

"ಮೊದಲಿಗರ ಮಾತು ಬಿಡಿ, ಆರ್ಮ್‌ಸ್ಟ್ರಾಂಗ್‌ನನ್ನು ನೋಡಿ," ಎಂದು ನಾನು ಬ್ರಹ್ಮಾಸ್ತ್ರ ತೆಗೆದೆ. "1969ರಲ್ಲಿ ಚಂದ್ರನ ಮೇಲೆ ಮೊದಲು ಕಾಲಿಟ್ಟವನು ಅವನು. ಆದರೆ ಅಲ್ಲಿ ಹೆಚ್ಚು ಹೊತ್ತು ಕ್ಯಾಮೆರಾ ಇದ್ದದ್ದು ಅವನ ಕೈಯಲ್ಲೇ. ಜಗತ್ತೆಲ್ಲ ನೋಡಿದ ಆ ಚಿತ್ರದಲ್ಲಿರುವುದು ಅವನ ಜೊತೆಗಾರ ಆಲ್ಡ್ರಿನ್. ಆರ್ಮ್‌ಸ್ಟ್ರಾಂಗ್ ಇರುವುದು ಆಲ್ಡ್ರಿನ್‌ನ ಶಿರಸ್ತ್ರಾಣದ ಗಾಜಿನಲ್ಲಿ, ಪುಟ್ಟ ಬಿಂಬವಾಗಿ. ಚಂದ್ರನಿಗೆ ಹೋದವನಿಗೇ ಅಷ್ಟು ಸಾಕಾದರೆ ನನಗೆ ನೆರಳು ಸಾಲದೇ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಇದು ಒಳ್ಳೆಯ ಲಕ್ಷಣವಲ್ಲ. "ಅದೇ ಆಲ್ಡ್ರಿನ್ ಅದಕ್ಕೆ ಮೂರು ವರ್ಷ ಮೊದಲು, 1966ರಲ್ಲಿ, ಜೆಮಿನಿ 12 ನೌಕೆಯಿಂದ ಹೊರಗೆ ನಿಂತು ಬಾಹ್ಯಾಕಾಶದಲ್ಲಿ ತನ್ನ ಮುಖವನ್ನು ತಾನೇ ತೆಗೆದುಕೊಂಡಿದ್ದ. ಇಬ್ಬರೂ ಒಂದೇ ನೌಕೆಯಲ್ಲಿ ಚಂದ್ರನಿಗೆ ಹೋದರು. ಮುಖ ತೋರಿಸಿದ್ದಕ್ಕೆ ಅವನನ್ನು ಯಾರೂ ಇಳಿಸಿಬಿಡಲಿಲ್ಲ."

ಬ್ರಹ್ಮಾಸ್ತ್ರ ನನಗೇ ತಿರುಗಿತು. ವಿವಿಯನ್ ಮೇಯರ್‌ಳನ್ನು ಸಾಕ್ಷಿಗೆ ಕರೆದೆ. ಷಿಕಾಗೊದಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತ ಬದುಕಿಡೀ ಚಿತ್ರ ತೆಗೆದವಳು. 2007ರಲ್ಲಿ ಅವಳ ಸಾಮಾನು ಹರಾಜಾಗುವವರೆಗೆ ಲೋಕಕ್ಕೆ ಅವಳ ಪತ್ತೆಯೇ ಇರಲಿಲ್ಲ. ಹುಲ್ಲಿನ ಮೇಲೆ, ಗೋಡೆಯ ಮೇಲೆ ಬಿದ್ದ ತನ್ನ ನೆರಳನ್ನು ಅವಳು ಎಷ್ಟೊಂದು ಸಲ ತೆಗೆದಿದ್ದಾಳೆ! ಅದಕ್ಕೂ ಮೇಷ್ಟ್ರ ಬಳಿ ಕೆಂಪು ಶಾಯಿ ಇತ್ತು: ಕನ್ನಡಿಗಳಲ್ಲಿ, ಅಂಗಡಿ ಗಾಜುಗಳಲ್ಲಿ ಮುಖವನ್ನೂ ತೆಗೆದಿದ್ದಾಳಲ್ಲ! ನಾನು ಬಿಡಲಿಲ್ಲ. ಅವಳ ರೋಲಿಫ್ಲೆಕ್ಸ್ ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಯಂತ್ರ, ಹಾಗಾಗಿ ಮುಖಕ್ಕೆ ಅಡ್ಡ ಬರುತ್ತಿರಲಿಲ್ಲ. ನನ್ನದನ್ನು ಕಣ್ಣಿಗೇ ಒತ್ತಿ ಹಿಡಿಯಬೇಕು, ಕನ್ನಡಿಯ ಮುಂದೆ ನಿಂತರೆ ಕಾಣುವುದು ಕ್ಯಾಮೆರಾ ಕಂಪನಿಯ ಹೆಸರು ಮತ್ತು ನನ್ನ ಹಣೆ. ವಾದ ಪೂರ್ತಿ ಸರಿಯಾಗಿತ್ತು. ಯಾರೂ ಕಿವಿಗೊಡಲಿಲ್ಲ.

"ಕನ್ನಡಿ ಎಂದಾಗ ನೆನಪಾಯಿತು," ಎಂದರು ಡಾಕ್ಟರಮ್ಮ. "ನಿನಗೆ ನಿನ್ನ ಫೋಟೊ ಏಕೆ ಹಿಡಿಸುವುದಿಲ್ಲ ಗೊತ್ತೇ? ದಿನವೂ ನೀನು ನೋಡುವುದು ಕನ್ನಡಿಯ ಮುಖ, ಎಡಬಲ ತಿರುವುಮುರುವಾದದ್ದು. 1977ರಲ್ಲಿ ಮನಶ್ಶಾಸ್ತ್ರಜ್ಞರು ಜನರಿಗೆ ಅವರದೇ ಚಿತ್ರವನ್ನು ಎರಡು ಬಗೆಯಲ್ಲಿ ತೋರಿಸಿದರು, ಇದ್ದಂತೆ ಒಂದು, ಕನ್ನಡಿಯಲ್ಲಿ ಕಂಡಂತೆ ಒಂದು. ಚಿತ್ರದಲ್ಲಿದ್ದವರು ಹೆಚ್ಚಾಗಿ ಮೆಚ್ಚಿದ್ದು ಕನ್ನಡಿಯ ಮುಖವನ್ನು, ಅವರ ಗೆಳೆಯರು ಮೆಚ್ಚಿದ್ದು ಇದ್ದಂತಿರುವ ಮುಖವನ್ನು. ಆದ್ದರಿಂದ ಯಾವ ಫೋಟೊ ಚೆನ್ನಾಗಿದೆ ಎಂದು ಹೇಳುವ ಹಕ್ಕು ನಿನಗಿಲ್ಲ. ನಮಗಿದೆ."

ಇಷ್ಟು ನಿರ್ದಯವಾದ ವಿಜ್ಞಾನವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ನಿರ್ದೇಶನ ಶುರುವಾಯಿತು. "ಸಹಜವಾಗಿರು," ಎಂದರು ಮೇಷ್ಟ್ರು. "ಸ್ವಲ್ಪ ನಗು, ಆದರೆ ಮೇಲಿನ ಎಡ ಕೋರೆಹಲ್ಲು ಬೇಡ," ಎಂದರು ಡಾಕ್ಟರಮ್ಮ. "ಗದ್ದ ಕೆಳಗೆ, ಭುಜ ಹಿಂದೆ, ಉಸಿರು ಒಳಗೆ," ಎಂದ ಲೆಕ್ಕಿಗ. ಇವೆಲ್ಲ ನಾನು ಇಷ್ಟು ವರ್ಷ ಮದುಮಕ್ಕಳಿಗೂ ಮಕ್ಕಳುಮರಿಗೂ ಹೇಳುತ್ತ ಬಂದ ಮಾತುಗಳೇ. ಸಹಜವಾಗಿರಿ ಎನ್ನುವುದಂತೂ ಮನುಷ್ಯನಿಗೆ ಕೊಡಬಹುದಾದ ಅತ್ಯಂತ ನಿರುಪಯುಕ್ತ ಆಜ್ಞೆ. ಕೇಳಿದ ಕ್ಷಣವೇ ಮೈ ಮರದ ಕೊರಡಾಗುತ್ತದೆ. ಇದನ್ನು ಇಲ್ಲಿಯವರೆಗೆ ಒಬ್ಬರೂ ನನಗೆ ತಿಳಿಸಲಿಲ್ಲವಲ್ಲ ಎಂಬ ಸಿಟ್ಟೂ ಬಂತು.

ಓಡಾಟ ತಪ್ಪಲಿ ಎಂದು ರಿಮೋಟ್ ತೆಗೆದೆ. ಅದನ್ನು ನಾನು ಹಿಡಿದರೆ ಕೈ ಚಿತ್ರದಲ್ಲಿ ಬರುತ್ತದೆ, ಎಲ್ಲಿಯಾದರೂ ಇಡು ಎಂದು ಲೆಕ್ಕಿಗನಿಗೆ ಒಂದು ಕ್ಷಣ ಕೊಟ್ಟು ಕುರ್ಚಿ ಸರಿಪಡಿಸಲು ಹೋದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನೋಡಿ, "ಬ್ಯಾಟರಿ ಯಾವ ಅಳತೆಯದು?" ಎಂದು ಒತ್ತಿಯೇಬಿಟ್ಟ.

"ಅದನ್ನು ಮುಟ್ಟಬೇಡ! ಕೆಳಗಿಡು! ಬೆಳಕಿಗೆ ಅಡ್ಡ ನಿಂತಿದ್ದೀಯೆ, ಎಡಕ್ಕೆ ಸರಿ!" ಎಂದು ನಾನು ಬೆರಳು ಚಾಚಿ ಕೂಗಿದ್ದಷ್ಟೇ. ಕ್ಲಿಕ್, ಕ್ಲಿಕ್, ಕ್ಲಿಕ್.

ಪರದೆಯ ಸುತ್ತ ಮೂವರೂ ಮುತ್ತಿಕೊಂಡರು. ಹುಬ್ಬು ಮೇಲೆ, ಬಾಯಿ ಅರೆತೆರೆದಿದೆ, ಬೆರಳು ಯಾರನ್ನೋ ಎಡಕ್ಕೆ ಅಟ್ಟುತ್ತಿದೆ, ಕಣ್ಣು ಮಾತ್ರ ಕಿಟಕಿಯ ಬೆಳಕನ್ನು ಅಳೆಯುತ್ತಿದೆ.

"ಇದೇ," ಎಂದರು ಡಾಕ್ಟರಮ್ಮ. "ನೀನು ಕ್ಯಾಮೆರಾ ಹಿಡಿದಾಗಲೆಲ್ಲ ನಮಗೆ ಕಾಣುವ ಮುಖ ಇದೇ. ನೀನೊಬ್ಬನೇ ನೋಡಿರಲಿಲ್ಲ."

"ಕೋರೆಹಲ್ಲು ಕಾಣುತ್ತಿದೆಯಲ್ಲ?"

"ಕಾಣಲಿ. ಒಳ್ಳೆಯ ಹಲ್ಲು. ನಾನೇ ತುಂಬಿದ್ದು."

ನನಗೆ ಹಿಡಿಸಲಿಲ್ಲ. ಆದರೆ ಆ ಹಕ್ಕು ನನ್ನ ಬಳಿ ಉಳಿದಿರಲಿಲ್ಲವಲ್ಲ. ಕಳಿಸೋಣ ಎಂದು ತೀರ್ಮಾನವಾಗುತ್ತಿದ್ದಂತೆ ಲೆಕ್ಕಿಗ ಗಂಟಲು ಸರಿಮಾಡಿಕೊಂಡ. "ಒತ್ತಿದವನು ನಾನು. ಹಾಗಾಗಿ ಇದು ಸ್ವಂತ ಚಿತ್ರವಲ್ಲ, ನಾನು ತೆಗೆದ ಚಿತ್ರ. ಕೃತಿಸ್ವಾಮ್ಯ ನನ್ನದು. ಸಂಭಾವನೆಯ ಮಾತನ್ನು ಆಮೇಲೆ ಆಡೋಣ."

ಮೇಷ್ಟ್ರ ಮುಖ ಅರಳಿತು. "ಇಂಥದ್ದೊಂದು ವ್ಯಾಜ್ಯ ಆಗಲೇ ನಡೆದಿದೆ. ಡೇವಿಡ್ ಸ್ಲೇಟರ್ ಎಂಬ ಛಾಯಾಗ್ರಾಹಕ ಇಂಡೊನೇಷ್ಯಾದ ಸುಲಾವೆಸಿಯಲ್ಲಿ ಕ್ಯಾಮೆರಾ ಸಜ್ಜುಗೊಳಿಸಿ ಇಟ್ಟಿದ್ದ. ಬೇರೊಬ್ಬರು ಗುಂಡಿ ಒತ್ತಿದರು, ಸೊಗಸಾದ ಚಿತ್ರ ಬಂತು. 2011ರಲ್ಲಿ ಅದು ಲೋಕವೆಲ್ಲ ಹರಡಿತು. ಹಕ್ಕು ಯಾರದೆಂದು ಅಮೆರಿಕದ ನ್ಯಾಯಾಲಯದವರೆಗೆ ಹೋಯಿತು."

"ಒತ್ತಿದವರಿಗೆ ಸಿಕ್ಕಿತೇ?" ಲೆಕ್ಕಿಗ ಮುಂದಕ್ಕೆ ಬಾಗಿದ.

"ಇಲ್ಲ. ಕೃತಿಸ್ವಾಮ್ಯಕ್ಕಾಗಿ ದಾವೆ ಹೂಡುವ ಹಕ್ಕೇ ಅವರಿಗಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು."

"ಅನ್ಯಾಯ! ಒತ್ತಿದವರು ಯಾರು?"

"ಒಂದು ಕೋತಿ."

ಡಾಕ್ಟರಮ್ಮನವರ ಮೂವತ್ತೆರಡೂ ಹಲ್ಲುಗಳು ಒಟ್ಟಿಗೆ ಕಂಡವು. ಲೆಕ್ಕಿಗ ಸ್ವಲ್ಪ ಹೊತ್ತು ರಿಮೋಟನ್ನೇ ನೋಡುತ್ತ ಕುಳಿತ. ಆಮೇಲೆ, ಹಣ ಬೇಡ, ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ತನ್ನ ಹೆಸರು ಬಂದರೆ ಸಾಕು ಎಂದ. ಮತ್ತೆ ಯೋಚಿಸಿ, ಹೆಸರಿನ ಹಿಂದೆ 'ಶ್ರೀ' ಎಂದು ಕಡ್ಡಾಯವಾಗಿ ಇರಬೇಕು, ಇಲ್ಲದಿದ್ದರೆ ಓದುವವರಿಗೆ ಗೊಂದಲವಾಗುತ್ತದೆ ಎಂದ.