ಬಲಿಪೂಜೆಯಲ್ಲಿ ಮೊದಲ ಬಾರಿಗೆ ವಾಚನ ಓದಬೇಕಾಗಿದೆ: ಅನುಭವಸ್ಥರು ತಿಳಿಸಿಕೊಡಿ

ಪ್ರಶ್ನೆ, ತುಮಕೂರಿನಿಂದ:

ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತಕಾಲದ) ಮೂರನೆಯ ಭಾನುವಾರ ನಮ್ಮ ಕಥೋಲಿಕ ಚರ್ಚಿನಲ್ಲಿ ನಡೆಯುವ ಬಲಿಪೂಜೆಯಲ್ಲಿ ಮೊದಲನೆಯ ವಾಚನವನ್ನು, ಎಂದರೆ ಬೈಬಲಿನಿಂದ ಓದುವ ಮೊದಲ ಭಾಗವನ್ನು, ನಾನು ಓದಬೇಕೆಂದು ನಮ್ಮ ಧರ್ಮಕೇಂದ್ರದ ಗುರುಗಳು ಹೇಳಿದ್ದಾರೆ. ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳಿ ಬರುವ ಕ್ರಮದಲ್ಲಿ ಇದು ‘ಎ’ ವರ್ಷವಾದ್ದರಿಂದ ವಿಮೋಚನಾಕಾಂಡದ 17ನೆಯ ಅಧ್ಯಾಯದ 3ರಿಂದ 7ನೆಯ ವಚನದವರೆಗೆ ಓದಬೇಕು: ಬಾಯಾರಿದ ಇಸ್ರಯೇಲರು ಮೋಶೆಯ ಮೇಲೆ ಗೊಣಗುವ, ಬಂಡೆಯಿಂದ ನೀರು ಬರುವ ಪ್ರಸಂಗ. ನಾನು ಹಳ್ಳಿಯಲ್ಲಿ ಬೆಳೆದವಳು. ನಮ್ಮ ಮನೆಯ ಮಾತಿನಲ್ಲಿ ಹಕಾರಕ್ಕೆ ಜಾಗವೇ ಇಲ್ಲ; ಶಾಲೆಯಲ್ಲಿ ಹಾಲನ್ನು ‘ಆಲು’ ಎಂದು ಓದಿದ್ದಕ್ಕೆ ತರಗತಿಯೆಲ್ಲ ನಕ್ಕಿದ್ದನ್ನು ಇನ್ನೂ ಮರೆತಿಲ್ಲ. ಹತ್ತು ದಿನಗಳ ಸಮಯವಿದೆ. ವಾಚನವನ್ನು ಬಾಯಿಪಾಠ ಮಾಡಿಕೊಳ್ಳಬೇಕೆ, ನಡುನಡುವೆ ತಲೆಯೆತ್ತಿ ಜನರನ್ನು ನೋಡಬೇಕೆ, ಕೈ ನಡುಗಿದರೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಕೋಲಾರದಿಂದ, ನಿವೃತ್ತ ಕನ್ನಡ ಶಿಕ್ಷಕರೊಬ್ಬರು:

ತಂಗಿ, ಹಕಾರದ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಿಮಗೆ ಬಂದಿರುವ ವಾಚನದಲ್ಲಿ ಅದು ಉಚ್ಚಾರದ ಸೊಗಸಿಗೆ ಸಂಬಂಧಿಸಿದ್ದಲ್ಲ, ಅರ್ಥಕ್ಕೇ ಸಂಬಂಧಿಸಿದ್ದು. ಬಂಡೆಯನ್ನು ‘ಹೊಡೆ’ ಎಂದು ದೇವರು ಮೋಶೆಗೆ ಹೇಳುತ್ತಾರೆ. ಅದನ್ನು ‘ಒಡೆ’ ಎಂದು ಓದಿದರೆ ಮೋಶೆ ಕೋಲನ್ನು ಬಿಟ್ಟು ಸುತ್ತಿಗೆ ಹುಡುಕಬೇಕಾಗುತ್ತದೆ. ನದಿಯನ್ನು ಹೊಡೆದ ಕೋಲು ನಮ್ಮ ಬಾಯಲ್ಲಿ ‘ಒಡೆದ ಕೋಲು’ ಆಗಿಬಿಟ್ಟರೆ ಕೇಳುವವರಿಗೆ ಮುರಿದ ಕೋಲೇ ಕಣ್ಣ ಮುಂದೆ ಬರುತ್ತದೆ. ಹೋರೇಬ್ ಎಂಬ ಹೆಸರೂ ಅಲ್ಲಿಯೇ ಇದೆ. ಬೇರೆ ವಾಚನಗಳಲ್ಲಿಯೂ ಹೀಗೆಯೇ: ದೇವರು ಹರಸಿದರು ಎಂಬುದು ದೇವರು ಅರಸಿದರು ಎಂದಾಗುತ್ತದೆ. ದೈವಶಾಸ್ತ್ರಕ್ಕೆ ಎರಡೂ ಒಪ್ಪಿಗೆಯೇ ಇರಬಹುದು, ಆದರೆ ಗ್ರಂಥದಲ್ಲಿ ಬರೆದಿರುವುದು ಒಂದೇ.

ಹಾಗೆಂದು ಮನೆಯ ಮಾತನ್ನು ತಿದ್ದಿಕೊಳ್ಳಲು ಹೊರಡಬೇಡಿ. ಹತ್ತು ದಿನದಲ್ಲಿ ಅದು ಆಗುವ ಕೆಲಸವೂ ಅಲ್ಲ, ಆಗಬೇಕಾದ ಕೆಲಸವೂ ಅಲ್ಲ. ಭಯದಿಂದ ತಿದ್ದಿಕೊಂಡವರು ಕೊನೆಗೆ ‘ಅದಕ್ಕೆ’ ಎಂಬುದನ್ನು ‘ಹದಕ್ಕೆ’ ಎಂದು ಓದಿದ್ದನ್ನು ನಾನು ಕೇಳಿದ್ದೇನೆ. ಈ ಐದು ವಚನಗಳಲ್ಲಿ ಹಕಾರ ಬರುವ ಶಬ್ದಗಳಿಗೆ ಮಾತ್ರ ಸುತ್ತು ಹಾಕಿಕೊಳ್ಳಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಒಂದೊಂದನ್ನೂ ನಿಧಾನವಾಗಿ ಹೇಳಿ. ‘ಹೊಡೆ’ ಎಂದಾಗ ಅಂಗೈಗೆ ಉಸಿರು ತಾಕುತ್ತದೆ, ‘ಒಡೆ’ ಎಂದಾಗ ತಾಕುವುದಿಲ್ಲ. ಹೀಗೆ ಹತ್ತು ಹನ್ನೆರಡು ಶಬ್ದಗಳನ್ನು ಸರಿಪಡಿಸಿಕೊಂಡರೆ ಆ ಭಾನುವಾರಕ್ಕೆ ಸಾಕು.

ಹಕಾರಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಅದನ್ನು ಯಾರೂ ನಿಮಗೆ ಹೇಳಿರಲಾರರು. ಕನ್ನಡದ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ, ಓದುವವರ ಉಸಿರು ಮುಗಿಯುವುದೂ ಅಲ್ಲಿಯೇ. ಹೀಗಾಗಿ ವಾಕ್ಯದ ಜೀವವಿರುವ ಜಾಗದಲ್ಲಿಯೇ ದನಿ ಬಿದ್ದುಹೋಗುತ್ತದೆ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ, ತಾನು ಬಯಸುವ ಒಳಿತನ್ನು ಮಾಡುವುದಿಲ್ಲ, ಬಯಸದ ಕೆಡುಕನ್ನೇ ಮಾಡುತ್ತೇನೆ ಎಂದು ಹೇಳಿಕೊಳ್ಳುವ ಮಾತಿದೆ. ಒಂದು ವಾರದ ದಿನದ ಪೂಜೆಯಲ್ಲಿ ನಾನು ಅದನ್ನು ಓದಿದಾಗ, ಆ ‘ಇಲ್ಲ’ ನನ್ನ ಗಂಟಲಲ್ಲಿಯೇ ಉಳಿದುಹೋಯಿತು. ಪೂಜೆಯ ನಂತರ ಹಿರಿಯರೊಬ್ಬರು ಹತ್ತಿರ ಬಂದು, “ಮೇಷ್ಟ್ರೇ, ಪೌಲಪ್ಪನವರು ಒಳ್ಳೇದನ್ನೂ ಮಾಡ್ತಾರೆ, ಕೆಟ್ಟದ್ದನ್ನೂ ಮಾಡ್ತಾರೆ ಅಂತಲಾ?” ಎಂದು ಕೇಳಿದರು. ಆ ದಿನದಿಂದ ಪ್ರತಿ ವಾಕ್ಯದ ಕೊನೆಯ ಶಬ್ದದಿಂದ ಹಿಂದಕ್ಕೆ ಲೆಕ್ಕ ಹಾಕಿ, ಉಸಿರನ್ನು ಎಲ್ಲಿ ತೆಗೆದುಕೊಂಡರೆ ಆ ಶಬ್ದದವರೆಗೆ ಉಳಿಯುತ್ತದೆ ಎಂದು ನೋಡಿ, ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವುದನ್ನು ರೂಢಿಸಿಕೊಂಡಿದ್ದೇನೆ.

ನಿಮ್ಮ ವಾಚನದಲ್ಲಿ ಕಥೆ ಹೇಳುವವರ ದನಿಯಲ್ಲದೆ ಇನ್ನೂ ಮೂರು ದನಿಗಳಿವೆ: ಜನರದು, ಮೋಶೆಯದು, ದೇವರದು. ಮಾತು ಯಾರದೆಂಬುದು ‘ಎಂದು’ ಬಂದ ಮೇಲೆ ಮಾತ್ರ ತಿಳಿಯುವ ಕಡೆಗಳಲ್ಲಿ, ಮಾತು ಶುರುವಾಗುವ ಮುನ್ನ ಅರೆಗಳಿಗೆ ನಿಂತು ದನಿಯನ್ನು ಸ್ವಲ್ಪವೇ ಬದಲಿಸಬೇಕು. ಸ್ವಲ್ಪವೇ ಎಂದೆ. ನಮ್ಮ ಸೀಮೆಯಲ್ಲಿ ಹಾರ್ಮೋನಿಯಂ ಮುಂದೆ ನಿಂತು ಪೌರಾಣಿಕ ನಾಟಕ ಆಡಿದವರು ವಾಚನಕ್ಕೆ ಬಂದರೆ ದೇವರ ಮಾತಿಗೆ ಭೀಮನ ಗಂಟಲು ಕೊಟ್ಟುಬಿಡುತ್ತಾರೆ, ಅದು ಬೇಡ. ಜನರ ಗೊಣಗಾಟವನ್ನಂತೂ ಯಾರೂ ಕಲಿಸಬೇಕಾಗಿಲ್ಲ, ಟ್ಯಾಂಕರ್ ಬರುವ ದಾರಿಯಲ್ಲಿ ಬಿಂದಿಗೆ ಸಾಲಿಟ್ಟು ಕಾದವರಿಗೆ ಅದರ ದನಿ ಗೊತ್ತಿದೆ.

ಚಿಕ್ಕಬಳ್ಳಾಪುರದಿಂದ:

ಮೇಷ್ಟ್ರ ಮಾತೆಲ್ಲ ಸರಿ. ಬಾಯಿಪಾಠದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ: ಬೇಡ. ಬಾಯಿಪಾಠ ಮಾಡಿದವರ ಕಣ್ಣು ಪುಸ್ತಕದಿಂದ ದೂರ ಹೋಗಿರುತ್ತದೆ, ಒಂದು ಶಬ್ದ ತಪ್ಪಿದರೆ ಮತ್ತೆ ಸಾಲು ಸಿಗುವುದಿಲ್ಲ. ನನಗೆ ಹಾಗೆಯೇ ಆಗಿ, ಒಂದೇ ವಾಕ್ಯವನ್ನು ಎರಡು ಸಲ ಓದಿ, ಮೂರನೆಯದನ್ನು ಬಿಟ್ಟೇ ಬಿಟ್ಟಿದ್ದೆ. ಎಡಗೈಯ ಬೆರಳನ್ನು ಸಾಲಿನ ಮೇಲೆ ಇಟ್ಟುಕೊಳ್ಳಿ. ನಡುಗುವ ಕೈಗೂ ಒಂದು ಕೆಲಸ ಕೊಟ್ಟಂತಾಗುತ್ತದೆ. ತಲೆಯೆತ್ತುವುದನ್ನು ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಾಡಿದರೆ ಸಾಕು. ‘ಮೊದಲನೆಯ ವಾಚನ’ ಎಂಬ ತಲೆಬರಹವನ್ನೂ ಅಧ್ಯಾಯ ವಚನಗಳ ಸಂಖ್ಯೆಯನ್ನೂ ಗಟ್ಟಿಯಾಗಿ ಓದಬೇಕಾಗಿಲ್ಲ, ಯಾವ ಗ್ರಂಥದಿಂದ ವಾಚನ ಎಂಬುದರಿಂದಲೇ ಆರಂಭಿಸಿ.

ಕೆ.ಜಿ.ಎಫ್.ನಿಂದ:

ನನ್ನ ಮನೆಮಾತು ತಮಿಳು. ಕನ್ನಡದ ಪೂಜೆಯಲ್ಲಿ ಓದಲು ಆರಂಭಿಸಿದಾಗ ಹಕಾರಕ್ಕಿಂತ ನನ್ನನ್ನು ಕಾಡಿದ್ದು ದಕಾರ, ಬಕಾರಗಳು. ತಮಿಳಿನ ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ತ, ದ ಎರಡಕ್ಕೂ ಒಂದೇ. ಕಣ್ಣು ‘ದಾಹ’ ಎಂದು ನೋಡಿದರೂ ನಾಲಿಗೆಗೆ ‘ತಾಗ’ ಎಂದೇ ಬರುತ್ತಿತ್ತು. ಸಹೋದರಿಯ ವಾಚನದಲ್ಲಿ ದಾಹವೇ ಮುಖ್ಯವಾದ್ದರಿಂದ ಇದನ್ನು ನೆನೆದು ನಗು ಬಂದಿತು.

ನನ್ನ ಮೊದಲ ಪರೀಕ್ಷೆ ಪೆಂತಕೋಸ್ತ್ ಹಬ್ಬದಂದು ನಡೆಯಿತು. ಪ್ರೇಷಿತರ ಕಾರ್ಯಕಲಾಪಗಳ 2ನೆಯ ಅಧ್ಯಾಯದ ಆ ವಾಚನದಲ್ಲಿ ಪಾರ್ಥಿಯರು, ಮೇದ್ಯರು, ಏಲಾಮಿನವರು ಎಂದು ಶುರುವಾದ ಹೆಸರುಗಳು ಕಪ್ಪದೋಕಿಯ, ಫ್ರಿಜಿಯ, ಪಂಫೀಲಿಯ ಎಂದು ಮುಗಿಯುವುದೇ ಇಲ್ಲ. ನಾನು ಪಂಫೀಲಿಯದ ಬಳಿ ನಿಂತು, ಕ್ಷಮೆ ಕೇಳಿ, ಮತ್ತೆ ಓದಿ, ಮತ್ತೆ ತಪ್ಪಿದೆ. ತಪ್ಪಿಗಿಂತ ಆ ಕ್ಷಮೆಯೇ ಜನರ ಗಮನವನ್ನು ವಾಚನದಿಂದ ನನ್ನ ಕಡೆಗೆ ತಿರುಗಿಸಿತು ಎಂದು ಆಮೇಲೆ ಗುರುಗಳು ತಿಳಿಸಿದರು. ಹೆಸರು ತಪ್ಪಿದರೆ ನಿಲ್ಲದೆ ಮುಂದೆ ಹೋಗಬೇಕು. ಅರ್ಥವೇ ಕೆಟ್ಟಿದ್ದರೆ ಮಾತ್ರ ಆ ವಾಕ್ಯವನ್ನು ಮೊದಲಿನಿಂದ ಶಾಂತವಾಗಿ ಓದಬೇಕು. ನಿಮ್ಮ ವಾಚನದಲ್ಲಿ ಕಷ್ಟದ ಹೆಸರುಗಳು ಮಸ್ಸಾ, ಮೆರೀಬಾ ಎಂಬ ಎರಡೇ. ಪುಟದ ಜೆರಾಕ್ಸ್ ಮಾಡಿಸಿಕೊಂಡು ಅವುಗಳನ್ನು ಬಿಡಿಸಿ ಬರೆದುಕೊಳ್ಳಿ, ಆದರೆ ಓದುವಾಗ ಜೆರಾಕ್ಸ್ ಹಾಳೆಯನ್ನಾಗಲಿ ಮೊಬೈಲನ್ನಾಗಲಿ ಹಿಡಿಯದೆ ಪೀಠದ ಮೇಲಿನ ವಾಚನ ಗ್ರಂಥದಿಂದಲೇ ಓದಿ.

ತುಮಕೂರಿನಿಂದ, ಧರ್ಮೋಪದೇಶ ತರಗತಿ ನಡೆಸುವ ಸಿಸ್ಟರ್ ಒಬ್ಬರು:

ಉಚ್ಚಾರದ ಬಗ್ಗೆ ಎಲ್ಲರೂ ಹೇಳಿದ್ದಾರೆ. ನಾನು ಓದುಗರಿಗೆ ಮೊದಲು ಹೇಳುವುದು, ಆ ದಿನದ ಶುಭಸಂದೇಶವನ್ನು (ಯೇಸುಸ್ವಾಮಿಯ ಜೀವನದ ವಾಚನವನ್ನು) ಮನೆಯಲ್ಲಿ ಓದಿಕೊಂಡು ಬನ್ನಿ ಎಂದು. ಭಾನುವಾರದ ಮೊದಲ ವಾಚನವನ್ನು ಸಾಮಾನ್ಯವಾಗಿ ಶುಭಸಂದೇಶಕ್ಕೆ ಹೊಂದುವಂತೆ ಆರಿಸಿರುತ್ತಾರೆ. ನೀವು ಓದುವ ದಿನದ ಶುಭಸಂದೇಶ ಯೊವಾನ್ನರ 4ನೆಯ ಅಧ್ಯಾಯದ್ದು, ಬಾವಿಯ ಬಳಿ ಯೇಸುಸ್ವಾಮಿ ಸಮಾರ್ಯದ ಹೆಂಗಸಿನಿಂದ ನೀರು ಕೇಳುವ ಪ್ರಸಂಗ. ಇಲ್ಲಿ ಜನ ನೀರು ಕೇಳುತ್ತಾರೆ, ಅಲ್ಲಿ ಪ್ರಭುವೇ ನೀರು ಕೇಳುತ್ತಾರೆ. ನಡುವೆ ಹಾಡುವ 95ನೆಯ ಕೀರ್ತನೆಯಲ್ಲಿ ನೀವು ಓದಿದ ಮೆರೀಬಾ, ಮಸ್ಸಾಗಳೇ ಮತ್ತೆ ಬರುತ್ತವೆ. ಹೆಸರುಗಳನ್ನು ನೀವು ಸ್ಪಷ್ಟವಾಗಿ ಓದಿದ್ದರೆ ಮಾತ್ರ ಜನರಿಗೆ ಅಲ್ಲಿ ಅವುಗಳ ಗುರುತು ಸಿಗುತ್ತದೆ. ಒಂದು ಜಗಳವನ್ನು ಸೂಚಿಸುವ ಹೆಸರು, ಇನ್ನೊಂದು ಪರೀಕ್ಷೆಯನ್ನು.

ಈ ಮೂರು ವರ್ಷಗಳ ಆವರ್ತನೆ 1969ರ ವಾಚನ ಕ್ರಮದಿಂದ ಬಂದದ್ದು. ‘ಎ’ ವರ್ಷಕ್ಕೆ ಮತ್ತಾಯ, ‘ಬಿ’ಗೆ ಮಾರ್ಕ, ‘ಸಿ’ಗೆ ಲೂಕ, ಯೊವಾನ್ನರ ಶುಭಸಂದೇಶ ಮುಖ್ಯವಾಗಿ ತಪಸ್ಸುಕಾಲದಲ್ಲಿಯೂ ಪಾಸ್ಖಕಾಲದಲ್ಲಿಯೂ (ಈಸ್ಟರ್‌ನಿಂದ ಆರಂಭವಾಗುವ ವಾರಗಳಲ್ಲಿ). ಇಸವಿಯನ್ನು ಮೂರರಿಂದ ಭಾಗಿಸಿ ಶೇಷ ಉಳಿಯದಿದ್ದರೆ ಅದು ‘ಸಿ’ ವರ್ಷ ಎಂಬ ಲೆಕ್ಕವನ್ನು ಮಕ್ಕಳಿಗೆ ಕಲಿಸುತ್ತೇನೆ, ಆದರೆ ಆ ವರ್ಷ ಆರಂಭವಾಗುವುದು ಹಿಂದಿನ ಆಗಮನಕಾಲದಿಂದ, ಎಂದರೆ ಹಿಂದಿನ ಕ್ರಿಸ್ಮಸ್‌ಗೆ ಮುಂಚಿನ ವಾರಗಳಿಂದ, ಎಂಬುದನ್ನು ಅವರು ಪ್ರತಿಸಲವೂ ಮರೆಯುತ್ತಾರೆ. ಹೆಂಗಸರು ಓದಬಹುದೆ ಎಂದು ಇಂದಿಗೂ ಕೆಲವು ಅಜ್ಜಿಯಂದಿರು ಕೇಳುವುದುಂಟು. ನಾವು ಬಹುಕಾಲದಿಂದ ಓದುತ್ತಲೇ ಬಂದಿದ್ದರೂ ವಾಚಕರೆಂಬ ವಿಧಿವತ್ತಾದ ನೇಮಕ ಪುರುಷರಿಗಷ್ಟೇ ಇತ್ತು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಆ ನಿಯಮವನ್ನು ಬದಲಿಸಿದರು.

ಇನ್ನೊಂದು ಮಾತು. ನಿಮ್ಮ ವಾಚನ ಮುಗಿಯುವುದು ಪ್ರಶ್ನೆಯಲ್ಲಿ: ಸರ್ವೇಶ್ವರ ನಮ್ಮ ನಡುವೆ ಇದ್ದಾರೋ ಇಲ್ಲವೋ ಎಂದು ಜನ ಕೇಳಿದರಂತೆ. ಆ ಪ್ರಶ್ನೆಯ ಬಾಲಕ್ಕೇ, ವಾಚನದ ಕೊನೆಗೆ ಹೇಳುವ ‘ಪ್ರಭುವಿನ ವಾಕ್ಯ’ ಎಂಬುದನ್ನು ಅಂಟಿಸಬೇಡಿ. ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ, ಆಮೇಲೆ ಹೇಳಿ. ಆ ಮೂರು ಎಣಿಕೆಯ ಮೌನ ನಿಮಗೆ ಮೂರು ಗಂಟೆಯಂತೆ ತೋರುತ್ತದೆ, ಕೂತವರಿಗೆ ಹಾಗನಿಸುವುದಿಲ್ಲ.

ಚಿಕ್ಕಬಳ್ಳಾಪುರದ ಕಡೆಯಿಂದ, ಮೈಕ್ ನೋಡಿಕೊಳ್ಳುವವರು:

ಅಕ್ಕಾ, ಪೂಜೆಗೆ ಕಾಲು ಗಂಟೆ ಮುಂಚೆ ಬಂದು ಪುಟ ತೆರೆದಿದೆಯೇ ಎಂದು ನೋಡಿ, ಮೈಕಿನಲ್ಲಿ ಒಂದು ಸಾಲು ಓದಿ. ಮೈಕನ್ನು ಬೆರಳಿನಿಂದ ತಟ್ಟಬೇಡಿ, ಅದರೊಳಕ್ಕೆ ಊದಲೂ ಬೇಡಿ. ಒಂದು ಗೇಣು ದೂರವಿರಲಿ. ಈಗಷ್ಟೇ ಕಲಿತ ಹಕಾರವನ್ನು ಮೈಕಿಗೆ ತೀರ ಹತ್ತಿರದಿಂದ ಹೇಳಿದರೆ ಗಾಳಿ ಬೀಸಿದಂತೆ ಕೇಳಿಸುತ್ತದೆ.

ಪ್ರಶ್ನೆ ಕೇಳಿದವರು, ಎಂಟು ದಿನಗಳ ನಂತರ:

ಎಲ್ಲರಿಗೂ ವಂದನೆಗಳು. ಅಂಗೈ ಹಿಡಿದು ಅಭ್ಯಾಸ ಮಾಡಿದ್ದರಿಂದ ‘ಹೊಡೆ’ ಈಗ ಹೊಡೆಯಾಗಿಯೇ ಬರುತ್ತಿದೆ, ಹೋರೇಬ್ ಮಾತ್ರ ಐದಕ್ಕೆ ಒಂದು ಸಲ ಕೈಕೊಡುತ್ತದೆ. ನಿನ್ನೆ ಸಂಜೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅಜ್ಜಿಯ ಮುಂದೆ ನಿಂತು, ಮೂರರವರೆಗೆ ಎಣಿಸುವುದನ್ನೂ ಬಿಡದೆ, ಪೂರ್ತಿ ವಾಚನವನ್ನು ಓದಿದೆ. ಅಜ್ಜಿ ಕೇಳಿದ್ದು ಒಂದೇ ಮಾತು: “ಅದ್ಸರಿ, ನೀರ್ ಬಂತಾ?”

ಬಂತಲ್ಲ ಅಜ್ಜಿ ಎಂದು ಹೇಳಿ, ತೋರಿಸಲು ಪುಟ ತಿರುಗಿಸಿದರೆ, ನೀರು ಬಂತೆಂದು ಅಲ್ಲಿ ಎಲ್ಲಿಯೂ ಬಿಡಿಸಿ ಬರೆದಿಲ್ಲ. ಬಂಡೆಯನ್ನು ಹೊಡೆದರೆ ಜನರು ಕುಡಿಯಲು ನೀರು ಹೊರಟುಬರುವುದೆಂದು ದೇವರು ಹೇಳುತ್ತಾರೆ. ಹಿರಿಯರ ಕಣ್ಣೆದುರಿನಲ್ಲಿ ಮೋಶೆ ಹಾಗೆಯೇ ಮಾಡಿದನೆಂದು ಮುಂದಿನ ಮಾತು ಹೇಳುತ್ತದೆ, ಅಷ್ಟೇ. ನೀರಿರುವುದು ದೇವರ ಆ ಒಂದು ಮಾತಿನಲ್ಲಿ ಮಾತ್ರ, ಅದನ್ನು ನಾನು ‘ಹೊಡೆ’ ಸರಿಯಾಗಿ ಬಂದ ಸಂತೋಷದಲ್ಲಿ ಗಡಿಬಿಡಿಯಿಂದ ಓದಿ ಮುಗಿಸಿದ್ದೆ. ಈಗ ಆ ವಾಕ್ಯಕ್ಕೆ ಮುಂಚೆ ಒಂದು ಪೆನ್ಸಿಲ್ ಗೆರೆ ಎಳೆದುಕೊಂಡಿದ್ದೇನೆ. ಇಂದು ಸಂಜೆ ಅಜ್ಜಿಗೆ ಮತ್ತೊಮ್ಮೆ ಓದಿ ತೋರಿಸಬೇಕು.